ಹದಿನಾಲ್ಕು ಲಕ್ಷದ ಕೋಣೆ, ಹದಿನಾಲ್ಕು ಸಾವಿರದ ಸಂಬಳ

ಆ ಕೋಣೆಯ ಬೀಗದ ಕೈ ಐದು ತಿಂಗಳು ನನ್ನ ಜೇಬಿನಲ್ಲೇ ಇತ್ತು. ವಾರಕ್ಕೊಮ್ಮೆ ಹೋಗಿ ಬಾಗಿಲು ತೆಗೆಯುತ್ತಿದ್ದೆ. ಕಿಟಕಿ ತೆರೆದು ಗಾಳಿಯಾಡಿಸುತ್ತಿದ್ದೆ. ನೆಲಕ್ಕೆ ಹಾಸಿದ ಫೋಮ್ ಹಾಸಿಗೆಗೆ ಹಿಡಿದ ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಬೀಗ ಹಾಕಿ ಬರುತ್ತಿದ್ದೆ. ಒಳಗೆ ಹದಿನಾಲ್ಕು ಲಕ್ಷ ರೂಪಾಯಿಯ ಸಾಮಾನು. ಮಕ್ಕಳು ಮಾತ್ರ ಇರಲಿಲ್ಲ.

ತೀರ್ಥಹಳ್ಳಿಗೂ ಹೊಸನಗರಕ್ಕೂ ನಡುವೆ ಇರುವ ಒಂದು ಸಣ್ಣ ಪೇಟೆ ನಮ್ಮದು. ಶಿವಮೊಗ್ಗ ಇಲ್ಲಿಂದ ಅರವತ್ತು ಚಿಲ್ಲರೆ ಕಿಲೋಮೀಟರ್. ಕೆಲವು ಪಾಲಕರು, ಊರಿನ ಒಂದಿಬ್ಬರು ಮೇಷ್ಟ್ರು ಸೇರಿ 2017ರಲ್ಲಿ ಒಂದು ಟ್ರಸ್ಟ್ ನೋಂದಾಯಿಸಿದರು. ಹಳೇ ಗೋದಾಮಿನ ಎರಡು ಕೋಣೆ ಬಾಡಿಗೆಗೆ ಹಿಡಿದು, ಬೆಳವಣಿಗೆಯಲ್ಲಿ ತೊಡಕಿರುವ ಮಕ್ಕಳಿಗೆ ಒಂದು ಕೇಂದ್ರ ಶುರುಮಾಡಿದರು. ನಾನು ಅದರ ಖಜಾಂಚಿ. ಬ್ಯಾಂಕಿನಿಂದ ನಿವೃತ್ತನಾದವನು. ಲೆಕ್ಕ ಬರೆಯಲು ಒಬ್ಬರು ಬೇಕು ಅಂದರು, ಹೋದೆ. ಮಕ್ಕಳ ವಿಚಾರ ಆಗ ನನಗೆ ಏನೂ ಗೊತ್ತಿರಲಿಲ್ಲ.

ಈಗ ಕೇಂದ್ರದಲ್ಲಿ 19 ಮಕ್ಕಳಿದ್ದಾರೆ. ಏಳು ಮಕ್ಕಳಿಗೆ ಆಟಿಸಂ, ಐವರಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವುದು), ನಾಲ್ವರಿಗೆ ಡೌನ್ ಸಿಂಡ್ರೋಮ್. ಉಳಿದ ಮೂವರದು ಬೌದ್ಧಿಕ ಬೆಳವಣಿಗೆಯ ತಡ. ಸರ್ಕಾರಿ ಕಾಗದದಲ್ಲಿ ಆಟಿಸಂಗೆ ಸ್ವಲೀನತೆ ಅಂತ ಬರೆಯುತ್ತಾರೆ. ನಮ್ಮ ಕಡೆ ಯಾರೂ ಹಾಗೆ ಹೇಳುವುದಿಲ್ಲ. ಮೊದಲು 'ಹುಡುಗ ಒಂಥರಾ' ಅನ್ನುತ್ತಿದ್ದರು. ಈಗ ಆಟಿಸಂ ಅನ್ನುತ್ತಾರೆ.

ನಮಗೆ ದಾನ ಹೇಗೆ ಬಂತು, ಎಲ್ಲಿ ದಾರಿ ತಪ್ಪಿತು, ಅದನ್ನು ಹೇಗೆ ಸರಿಮಾಡಿಕೊಳ್ಳುತ್ತಾ ಇದ್ದೇವೆ ಎಂದು ಇಲ್ಲಿ ಬರೆದಿದ್ದೇನೆ. ಒಬ್ಬ ಹುಡುಗನನ್ನು ಹಿಡಿದುಕೊಂಡು ಹೇಳಿದರೆ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ. ಅವನ ಹೆಸರು, ಕೇಂದ್ರದ ಹೆಸರು, ದುಡ್ಡು ಕೊಟ್ಟವರ ಹೆಸರು ಬರೆಯುವುದಿಲ್ಲ.

ಹುಡುಗ

ನಮ್ಮಲ್ಲಿಗೆ ಬಂದಾಗ ಅವನಿಗೆ ನಾಲ್ಕು ವರ್ಷ. 2021ರ ನವೆಂಬರ್. ಅಪ್ಪ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೆಲಸ. ಮಳೆಗಾಲದಲ್ಲಿ ಅದೇ ಮರ ಹತ್ತಿ, ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ಔಷಧಿ ಹೊಡೆಯುತ್ತಾರೆ. ಅಮ್ಮ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಾರೆ. ಉಳಿದ ದಿನ ತೋಟದ ಕೂಲಿ. ಸ್ವಂತ ತೋಟ ಇಲ್ಲ.

ಹುಡುಗ ಎರಡು ವರ್ಷವಾದರೂ ಮಾತಾಡಲಿಲ್ಲ. ಬೆರಳು ತೋರಿಸಿ ಕೇಳುತ್ತಿರಲಿಲ್ಲ. ನೀರು ಬೇಕಾದರೆ ಅಮ್ಮನ ಮಣಿಕಟ್ಟು ಹಿಡಿದು ಹಂಡೆಯ ಹತ್ತಿರ ಎಳೆದುಕೊಂಡು ಹೋಗುತ್ತಿದ್ದ. ತಪ್ಪಲೆಯ ಮುಚ್ಚಳ ಸಿಕ್ಕರೆ ಗಂಟೆಗಟ್ಟಲೆ ತಿರುಗಿಸುತ್ತಾ ಕೂರುತ್ತಿದ್ದ. ಅವರಪ್ಪನೂ ಮಾತು ಬಂದಿದ್ದು ತಡವೇ ಅಂತ ಅಜ್ಜಿ ಹೇಳಿದರು. ಚೌಡಿಗೆ ಹರಕೆ ಆಯಿತು. ಅದನ್ನು ನಾನು ತಪ್ಪು ಅನ್ನುವುದಿಲ್ಲ. ಹತ್ತಿರದಲ್ಲಿ ಬೇರೆ ಯಾರಿದ್ದರು ಹೇಳಿ?

ಅಂಗನವಾಡಿಗೆ ಬಂದ ಆರ್‌ಬಿಎಸ್‌ಕೆ ತಂಡದವರು ಮೊದಲು ಗುರುತಿಸಿದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾದ ಯೋಜನೆ ಅದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಿ, ಬೆಳವಣಿಗೆಯಲ್ಲಿ ತಡ ಕಂಡರೆ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಶಿವಮೊಗ್ಗದಲ್ಲಿ ಐಸಾ ಎಂಬ ಅಳತೆಯಲ್ಲಿ ಪರೀಕ್ಷೆ ಮಾಡಿದರು. ಭಾರತಕ್ಕೆಂದೇ ಮಾಡಿದ ಅಳತೆ ಅದು. 40 ಅಂಶ, ಒಂದೊಂದಕ್ಕೂ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಅಲ್ಲ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದರ ಮೇಲೆ ತೀವ್ರ. ಇವನದು ಮಧ್ಯಮ.

ವಾರಕ್ಕೆ ಎರಡು ಸಲ ಥೆರಪಿಗೆ ಬನ್ನಿ ಅಂದರು. ಅಮ್ಮ ನಾಲ್ಕು ತಿಂಗಳು ಕರೆದುಕೊಂಡು ಹೋದರು. ಆಮೇಲೆ ನಿಲ್ಲಿಸಿದರು. ಯಾಕೆ ನಿಲ್ಲಿಸಿದರು ಎಂದು ಆಗ ನಾವ್ಯಾರೂ ಕೇಳಲಿಲ್ಲ. ಫೀಸು ಕೊಡಲು ಆಗಿರಲಿಕ್ಕಿಲ್ಲ ಅಂತ ನಾವೇ ಅಂದುಕೊಂಡೆವು. ಒಂದು ವರ್ಷದ ಮೇಲೆ ಕೂತು ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು.

ಒಂದು ಸಲ ಥೆರಪಿಗೆ ಫೀಸು 500. ತಿಂಗಳಿಗೆ ಎಂಟು ಸಲ, ಅಂದರೆ 4,000. ತಾಯಿಗೆ ಫುಲ್ ಟಿಕೆಟ್, ಹುಡುಗನಿಗೆ ಹಾಫ್, ಇಳಿದ ಮೇಲೆ ಆಟೋ, ಮಧ್ಯಾಹ್ನ ಏನಾದರೂ ತಿನ್ನುವುದು ಎಲ್ಲ ಸೇರಿ ಒಂದು ಸಲಕ್ಕೆ 400. ಎಂಟು ಸಲಕ್ಕೆ 3,200. ಹೋದ ದಿನ ಕೂಲಿ ಇಲ್ಲ, ದಿನಕ್ಕೆ 450ರಂತೆ 3,600. ಒಟ್ಟು 10,800. ಅದರಲ್ಲಿ ಥೆರಪಿಗೆ ಹೋಗಿದ್ದು ನಾಲ್ಕು ಸಾವಿರ ಮಾತ್ರ. ಉಳಿದ 6,800 ದೂರಕ್ಕೆ ಕೊಟ್ಟ ದುಡ್ಡು. ಯಾರೋ ಪುಣ್ಯಾತ್ಮರು ಥೆರಪಿ ಪೂರ್ತಿ ಉಚಿತ ಮಾಡಿದ್ದರೂ ಆಕೆ ಆರನೇ ತಿಂಗಳಿಗೆ ನಿಲ್ಲಿಸುತ್ತಿದ್ದರು. ಅಷ್ಟೇ ವ್ಯತ್ಯಾಸ. ಕಿವಿಯ ಬೆಂಡೋಲೆ ಆಗಲೇ ಸೊಸೈಟಿಯಲ್ಲಿ ಅಡವಿತ್ತು.

ಶಕ್ತಿ ಯೋಜನೆ ಇಲ್ವಾ ಅಂತ ಕೇಳಬಹುದು. ಅದು ಬಂದಿದ್ದು 2023ರ ಜೂನ್‌ನಲ್ಲಿ, ಅದೂ ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಅಂಗವಿಕಲರ ರಿಯಾಯಿತಿ ಪಾಸ್ 100 ಕಿಲೋಮೀಟರ್‌ವರೆಗೆ ಸಿಗುತ್ತದೆ, ಅದೂ ಸರ್ಕಾರಿ ಬಸ್ಸಿಗೇ. ಬಸ್ಸೇ ಬಾರದ ರಸ್ತೆಯಲ್ಲಿ ಪಾಸ್ ಇಟ್ಟುಕೊಂಡು ಏನು ಮಾಡುವುದು?

ನಮ್ಮ ಕೇಂದ್ರ ಅವರ ಮನೆಯಿಂದ ಒಂಬತ್ತು ಕಿಲೋಮೀಟರ್. ಹಾಗಾಗಿ ಹುಡುಗ ಬಂದ. ಆಗ ನಮ್ಮಲ್ಲಿ ಒಬ್ಬರೇ ವಿಶೇಷ ಶಿಕ್ಷಕಿ ಇದ್ದರು. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದ್ದವರು, ಕೆಲಸ ಬಲ್ಲವರು. ಸಂಬಳ 14,000. ಕಡಿಮೆ ಅಂತ ಎಲ್ಲರಿಗೂ ಗೊತ್ತಿತ್ತು. ಅವರು ಬಾಯಿ ಬಿಟ್ಟು ಕೇಳಲಿಲ್ಲ. ನಾವೂ ಸುಮ್ನೆ ಇದ್ದೆವು.

ಅವರು ಮಾಡಿದ ಮೊದಲ ಕೆಲಸ ನನಗೆ ಇವತ್ತಿಗೂ ನೆನಪಿದೆ. ಚಿತ್ರದ ಕಾರ್ಡು ತೋರಿಸಿ ಬೇಕಾದ್ದನ್ನು ಕೇಳುವುದನ್ನು ಕಲಿಸುವ ಒಂದು ಕಿಟ್ ಯಾರೋ ಕೊಟ್ಟಿದ್ದರು. ಅದರಲ್ಲಿ ಬರ್ಗರ್, ಸೇಬು, ಹಿಮದ ಗೊಂಬೆ. ಹುಡುಗನ ಮನೆಯಲ್ಲಿ ಇವು ಯಾವುದೂ ಇಲ್ಲ. ಅವರು ಮನೆಗೇ ಹೋಗಿ ಫೋನಲ್ಲಿ ಫೋಟೋ ತೆಗೆದರು. ಗಂಜಿ ಬಟ್ಟಲು, ನೀರಿನ ಚೆಂಬು, ಕೊಟ್ಟಿಗೆ, ಬಚ್ಚಲು, ಬೇಲಿಯ ದಣಪೆ, ಬೆಳಗಿನ ಬಸ್ಸು. ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದರು. ಖರ್ಚು 340 ರೂಪಾಯಿ, ನನ್ನ ವೋಚರ್ ಪುಸ್ತಕದಲ್ಲಿದೆ. ಏಳನೇ ವಾರಕ್ಕೆ ಹುಡುಗ ಚೆಂಬಿನ ಕಾರ್ಡು ತಂದು ಅಮ್ಮನ ಕೈಗಿಟ್ಟ. ಕೈ ಹಿಡಿದು ಎಳೆಯಲಿಲ್ಲ.

ಮಾರ್ಚ್ ತಿಂಗಳ ದುಡ್ಡು

ಇಲ್ಲಿಂದ ತಪ್ಪು ನನ್ನದು. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ. ಈ ಮೂರರಲ್ಲಿ ಯಾವುದಾದರೂ ಒಂದು ಇದ್ದರೂ ಸಾಕು, ಕಾಯ್ದೆ ಅನ್ವಯಿಸುತ್ತದೆ. ಇದೇ ಸಿಎಸ್‌ಆರ್. ಆ ದುಡ್ಡು ಪಡೆಯಲು ನಮ್ಮಂಥ ಟ್ರಸ್ಟ್‌ಗೆ ಆದಾಯ ತೆರಿಗೆ ಇಲಾಖೆಯ 12ಎ ನೋಂದಣಿ ಬೇಕಿತ್ತು, ದಾನ ಕೊಟ್ಟವರಿಗೆ ತೆರಿಗೆ ಉಳಿಸುವ 80ಜಿ ಬೇಕಿತ್ತು, ಮೂರು ವರ್ಷ ಇಂಥದೇ ಕೆಲಸ ಮಾಡಿದ ದಾಖಲೆ ಬೇಕಿತ್ತು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅಂತ ಇನ್ನೊಂದು ನೋಂದಣಿಯೂ ಬಂತು. ಎಲ್ಲ ಕಾಗದ ನಾನೇ ಓಡಾಡಿ ಮಾಡಿಸಿದೆ. ಬ್ಯಾಂಕಿನವನಲ್ವಾ, ಫಾರಂ ತುಂಬುವುದರಲ್ಲಿ ಒಂದು ಖುಷಿ.

2022ರ ಜನವರಿಯಲ್ಲಿ ಬೆಂಗಳೂರಿನ ಒಂದು ಕಂಪನಿಯಿಂದ ಫೋನ್ ಬಂತು. ದುಡ್ಡಿದೆ, ಮಾರ್ಚ್ 31ರೊಳಗೆ ಖರ್ಚಾಗಬೇಕು, ಏನು ಬೇಕು ಅಂತ ಬರೆದು ಕಳಿಸಿ. ಆ ವರ್ಷ ಖರ್ಚಾಗದೆ ಉಳಿದ ಸಿಎಸ್‌ಆರ್ ದುಡ್ಡನ್ನು ಬೇರೆ ನಿಧಿಗೋ ಪ್ರತ್ಯೇಕ ಖಾತೆಗೋ ಹಾಕಬೇಕೆಂಬ ನಿಯಮ ಆಗಷ್ಟೇ ಬಿಗಿಯಾಗಿತ್ತು. ಅದಕ್ಕೇ ಅವರಿಗೆ ಅವಸರ. ನಾನು ಮೊದಲು ಬರೆದಿದ್ದು ಶಿಕ್ಷಕಿಯ ಸಂಬಳ, ಒಂದು ಗಾಡಿ. ತಿಂಗಳು ತಿಂಗಳು ಬರುವ ಖರ್ಚು ನಮ್ಮ ಪಾಲಿಸಿಯಲ್ಲಿಲ್ಲ, ಕಣ್ಣಿಗೆ ಕಾಣುವಂಥದ್ದು ಹೇಳಿ ಅಂದರು. ನಾನು ಒಂದು ರಾತ್ರಿಯಲ್ಲಿ ಹದಿನಾಲ್ಕು ಲಕ್ಷದ ಸೆನ್ಸರಿ ಕೋಣೆಯ ಯೋಜನೆ ಬರೆದೆ. ಬೆಳಕು, ಸದ್ದು, ಸ್ಪರ್ಶಕ್ಕೆ ಮಕ್ಕಳು ಹೊಂದಿಕೊಳ್ಳಲು ನೆರವಾಗುವ ಸಾಮಾನಿನ ಕೋಣೆ ಅದು. ಶಿಕ್ಷಕಿಯನ್ನು ಕೇಳಲೂ ಇಲ್ಲ.

ಮಾರ್ಚ್ 24ಕ್ಕೆ ಉದ್ಘಾಟನೆ. ಟೇಪು, ದೀಪ, ಗಣ್ಯರು, ಮೈಕು. ಬಣ್ಣ ಬದಲಾಗುವ ನೀರಿನ ಕಂಬ, ಚೆಂಡಿನ ತೊಟ್ಟಿ, ಉಯ್ಯಾಲೆ, ಹೊಳೆಯುವ ದಾರಗಳು, ಗೋಡೆಗೆ ಮೆತ್ತೆ. ಇಂಥ ಕೋಣೆಯಿಂದ ಪ್ರಯೋಜನ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಳಕು, ಸದ್ದು, ಸ್ಪರ್ಶಗಳಿಂದ ಸುಸ್ತಾಗುವ ಮಗುವಿಗೆ ಬಲ್ಲವರು ಜೊತೆಗಿದ್ದರೆ ಅದು ಅನುಕೂಲವೇ. ನಮ್ಮ ಹುಡುಗನಿಗೂ ನೀರಿನ ಕಂಬ ಇಷ್ಟವಾಯಿತು. ಆದರೆ ಉದ್ಘಾಟನೆಯ ದಿನ ಅವನು ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಗೋದಾಮಿನ ಹಿಂದೆ ಕೂತಿದ್ದ. ಫೋಟೋಗೆ ಬೇಕು ಅಂತ ಯಾರೋ ಎತ್ತಿಕೊಂಡು ಬಂದರು. ಆ ಫೋಟೋ 'ಪಾಪದ ಮಕ್ಕಳ ಬಾಳಿಗೆ ಬೆಳಕು' ಎಂಬ ಸಾಲಿನ ಜೊತೆ ಎಲ್ಲರ ವಾಟ್ಸಾಪಿನಲ್ಲಿ ಓಡಾಡಿತು. ಅವನ ಅಮ್ಮ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದರು: "ಅವನಿಗೆ ಏನಾಗಿದೆ ಅಂತ ಪಾಪ ಅನ್ನಬೇಕು ಸಾರ್?"

ಜೂನ್ ಬಂತು. ಮಲೆನಾಡಿನ ಮಳೆ ಅಂದರೆ ಗೊತ್ತಲ್ಲ. ಮೂರು ದಿನ ಕರೆಂಟಿಲ್ಲ. ನೀರಿನ ಕಂಬ ಕಪ್ಪಾಗಿ ನಿಂತಿತು. ಫೋಮಿಗೆ ಬೂಷ್ಟು ಹಿಡಿಯಿತು. ರಿಪೇರಿಯವರು ಬೆಂಗಳೂರಿನಿಂದ ಬರಬೇಕು. ಬಂದು ಹೋಗುವ ಖರ್ಚೇ 9,000. ಅದನ್ನು ಯಾರು ಕೊಡುತ್ತಾರೆ ಅಂತ ನನ್ನ ಯೋಜನೆಯಲ್ಲಿ ಒಂದು ಸಾಲೂ ಇರಲಿಲ್ಲ.

ಆಗಸ್ಟಿನಲ್ಲಿ ಶಿಕ್ಷಕಿ ಬಿಟ್ಟರು. ಬೆಂಗಳೂರಿನಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಸಂಬಳ. ಅವರನ್ನು ತಪ್ಪು ಅನ್ನುವವರು ಆ 14,000ದಲ್ಲಿ ಒಂದು ತಿಂಗಳು ಬದುಕಿ ನೋಡಲಿ. ಬೇರೆಯವರನ್ನು ಹುಡುಕಿದೆವು. ನೋಂದಣಿ ಇರುವವರು ಈ ಕಡೆ ಬರಲು ಒಪ್ಪಲಿಲ್ಲ. ನೋಂದಣಿ ಇಲ್ಲದವರನ್ನು ಇಟ್ಟುಕೊಳ್ಳಲು ನಾವು ಒಪ್ಪಲಿಲ್ಲ. ಹೀಗೆ ಹದಿನಾಲ್ಕು ಲಕ್ಷದ ಕೋಣೆಗೆ ಹದಿನಾಲ್ಕು ಸಾವಿರದ ಮನುಷ್ಯರಿಲ್ಲದೆ ಬೀಗ ಬಿತ್ತು. ಹುಡುಗ ಅಕ್ಟೋಬರ್ ಹೊತ್ತಿಗೆ ಕಾರ್ಡು ಬಿಟ್ಟು ಮತ್ತೆ ಅಮ್ಮನ ಮಣಿಕಟ್ಟು ಹಿಡಿಯತೊಡಗಿದ.

ಆ ಐದು ತಿಂಗಳಲ್ಲಿ ದಾನ ನಿಂತಿತ್ತು ಅಂದುಕೊಳ್ಳಬೇಡಿ. ಅದೇ ವಿಚಿತ್ರ. ಹುಟ್ಟಿದ ಹಬ್ಬದ ಊಟಗಳು ಬಂದವು. ಒಂದೇ ತಿಂಗಳಲ್ಲಿ ಆರು. ಕೇಕು, ಬಲೂನು, ಹತ್ತು ಹನ್ನೆರಡು ಮಂದಿ ಅಪರಿಚಿತರು, ಜೋರು ಹಾಡು. ಅದು ನಮ್ಮ ಅರ್ಧ ಮಕ್ಕಳಿಗೆ ಹಿಂಸೆ. ಒಂದು ಕಡೆಯಿಂದ ನಾಲ್ಕು ಗಾಲಿಕುರ್ಚಿ ಬಂತು. ನಮ್ಮಲ್ಲಿ ಬೇಕಾಗಿದ್ದು ಒಂದು. ಮುಂಬೈಯಲ್ಲಿರುವ ಊರಿನವರೊಬ್ಬರು ಈ ಹುಡುಗನಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಿ, ಮೂರು ಲಕ್ಷ ಕೊಡುತ್ತೇನೆ ಅಂದರು. ಅಪ್ಪ ಅಮ್ಮನ ಕಣ್ಣಲ್ಲಿ ಆಸೆ ಬಂದಿತ್ತು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದನ್ನು ತೋರಿಸಿ ಬೇಡ ಅಂದೆವು. ಹಾಗಾದರೆ ಅದೇ ಮೂರು ಲಕ್ಷವನ್ನು ಶಿಕ್ಷಕಿಯ ಸಂಬಳಕ್ಕೆ ಕೊಡಿ ಅಂದೆ. ಅವರು ಮತ್ತೆ ಫೋನ್ ಎತ್ತಲಿಲ್ಲ.

ಕೊಡುವವರಿಗೆ ಮನಸ್ಸಿಲ್ಲ ಅಂತ ನನಗೆ ಅನ್ನಿಸುವುದಿಲ್ಲ. ಮನಸ್ಸಿದೆ. ಆದರೆ ಒಂದು ದಿನದಲ್ಲಿ ಮುಗಿಯುವುದಕ್ಕೆ ಕೊಡುತ್ತಾರೆ. ಈ ಮಕ್ಕಳ ಕೆಲಸ ಒಂದು ದಿನದಲ್ಲಿ ಮುಗಿಯುವುದಿಲ್ಲ.

ಅಡಿಕೆ ಲೆಕ್ಕ

ಡಿಸೆಂಬರ್‌ನಲ್ಲಿ ಒಂದು ಸಭೆ ಮಾಡಿದೆವು. ಗೋದಾಮಿನ ಜಗಲಿಯಲ್ಲಿ, ಪಾಲಕರೂ ಇದ್ದರು. ನಾನು ತಿಂಗಳಿಗೆ ನಿಜವಾಗಿ ಎಷ್ಟು ಬೇಕು ಅಂತ ಬೋರ್ಡಿನ ಮೇಲೆ ಬರೆದೆ. ವಿಶೇಷ ಶಿಕ್ಷಕರಿಗೆ 24,000. ಊರಿನ ಇಬ್ಬರು ಸಹಾಯಕಿಯರಿಗೆ ತಲಾ 9,000. ತಿಂಗಳಿಗೆ ಎರಡು ಶನಿವಾರ ಶಿವಮೊಗ್ಗದಿಂದ ಬರುವ ಸ್ಪೀಚ್ ಥೆರಪಿಸ್ಟ್‌ಗೆ 7,000. ಮಕ್ಕಳನ್ನು ತರುವ ಬಾಡಿಗೆ ಓಮ್ನಿಗೆ 12,000. ಬಾಡಿಗೆ, ಕರೆಂಟು, ಇತರೆ 5,000. ಒಟ್ಟು 66,000. ಕೆಲಸದ ದಿನ 22. ದಿನಕ್ಕೆ 3,000. 19 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ತಿಂಗಳಿಗೆ 3,500ರ ಒಳಗೆ. ಶಿವಮೊಗ್ಗಕ್ಕೆ ಹೋಗಿಬರುವ 10,800ರ ಪಕ್ಕದಲ್ಲಿ ಈ ಅಂಕಿ ಬರೆದಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು.

ತಿಂಗಳು ತಿಂಗಳು 500 ಕೊಡುವವರನ್ನು ಹುಡುಕೋಣ ಅಂತ ನಾನಂದೆ. ಬ್ಯಾಂಕಿನವನ ಬುದ್ಧಿ. ತೋಟ ಮಾಡುವ ಒಬ್ಬರು ನಕ್ಕರು. ನಮಗೆ ತಿಂಗಳ ಸಂಬಳ ಎಲ್ಲಿದೆ ಮಾರಾಯ್ರೆ, ಅಡಿಕೆ ಕೊಟ್ಟಾಗ ದುಡ್ಡು, ಇಲ್ಲದಾಗ ಸಾಲ ಅಂದರು. ಹೌದಲ್ಲ! ಹತ್ತಾರು ವರ್ಷ ಇದೇ ಜನಕ್ಕೆ ಬೆಳೆ ಸಾಲ ಕೊಟ್ಟವನಿಗೆ ಅದು ಹೊಳೆದಿರಲಿಲ್ಲ. ಅವರೇ ದಾರಿ ಹೇಳಿದರು. ರೂಪಾಯಿಯಲ್ಲಿ ಕೇಳಬೇಡಿ, ಅಡಿಕೆಯಲ್ಲಿ ಕೇಳಿ. ವರ್ಷಕ್ಕೆ ಐದು ಕೆಜಿ.

2023ರ ಸುಗ್ಗಿಯಲ್ಲಿ 41 ಮನೆಯಿಂದ 230 ಕೆಜಿ ಬಂತು. ಮಂಡಿಗೆ ಹಾಕಿದಾಗ ಗೊತ್ತಾಯಿತು. ಅರ್ಧಕ್ಕರ್ಧ ಗೊರಬಲು, ಅಂದರೆ ಕಡಿಮೆ ದರದ ಅಡಿಕೆ! ಒಳ್ಳೆ ದರದ ರಾಶಿ ಅಡಿಕೆ ತಮ್ಮ ಮೂಟೆಗೆ, ಗೊರಬಲು ದೇವರ ಮಕ್ಕಳಿಗೆ. ರಾಶಿ ದರದಲ್ಲಾದರೆ ಲಕ್ಷ ದಾಟಬೇಕಿತ್ತು. ಕೈಗೆ ಬಂದಿದ್ದು 78,000. ನಾವು ನಕ್ಕೆವು, ಕೊಟ್ಟವರೂ ನಕ್ಕರು. ಮರುವರ್ಷ ನಿಯಮ ಬದಲಾಯಿಸಿದೆವು. ಅಡಿಕೆ ನೀವೇ ಮಾರಿಕೊಳ್ಳಿ, ಐದು ಕೆಜಿಗೆ ಆ ದಿನದ ರಾಶಿ ದರ ಎಷ್ಟೋ ಅಷ್ಟನ್ನು ಟ್ರಸ್ಟ್ ಖಾತೆಗೆ ಹಾಕಿ. ಇದರಲ್ಲಿ ಕಾನೂನಿನ ಅನುಕೂಲವೂ ಇದೆ. ವಸ್ತುವಿನ ರೂಪದ ದಾನಕ್ಕೆ 80ಜಿ ವಿನಾಯಿತಿ ಸಿಗುವುದಿಲ್ಲ. ನಗದಾದರೆ 2,000 ರೂಪಾಯಿವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಇದ್ದರೆ ಬ್ಯಾಂಕ್ ಮೂಲಕವೇ ಬರಬೇಕು.

80ಜಿ ವಿಚಾರದಲ್ಲೂ ನನ್ನ ಒಂದು ಪೆದ್ದುತನ ಹೇಳಬೇಕು. ಮೊದಲ ವರ್ಷ ಮನೆ ಮನೆಗೆ ಹೋದಾಗ ತೆರಿಗೆ ಉಳಿಯುತ್ತದೆ ಅಂತ ಶುರುಮಾಡುತ್ತಿದ್ದೆ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ! ಅವರಿಗೆ ನನ್ನ ರಸೀದಿ ಯಾಕೆ? ಅವರು ಕೇಳುತ್ತಿದ್ದುದು ಬೇರೆ. ಯಾರ ಮನೆ ಮಕ್ಕಳು? ಆ ಕೋಣೆಗೆ ಬೀಗ ಯಾಕೆ ಬಿತ್ತು? ನಾಳೆ ಇದಕ್ಕೂ ಬೀಗ ಬೀಳಲ್ಲ ಅಂತ ಏನು ಗ್ಯಾರಂಟಿ? ಬೆಂಗಳೂರಿನ ಕಂಪನಿ ಕೇಳದ ಪ್ರಶ್ನೆಗಳನ್ನು ಇವರು ಅಂಗಳದಲ್ಲೇ ನಿಲ್ಲಿಸಿ ಕೇಳಿದರು. ನಾನು ಲೆಕ್ಕದ ಪುಸ್ತಕ ಚೀಲದಲ್ಲಿ ಹಾಕಿಕೊಂಡೇ ಹೋಗಲು ಶುರುಮಾಡಿದೆ.

2024ರಲ್ಲಿ 74 ಮನೆ, 410 ಕೆಜಿ ಲೆಕ್ಕ. ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಕೆಜಿ ಲೆಕ್ಕದಲ್ಲಿ ಒಂದು ತೊಂದರೆಯೂ ಇದೆ. ದರ ಇಳಿದರೆ ನಮಗೂ ಇಳಿಯುತ್ತದೆ. ಕೊಳೆ ಬಂದ ವರ್ಷ, ಎಲೆಚುಕ್ಕಿ ರೋಗ ಹೊಡೆದ ವರ್ಷ ಕೆಲವರು ಆಗಲ್ಲ ಅನ್ನುತ್ತಾರೆ. ಆದರೆ ಬಿಟ್ಟು ಹೋಗುವುದಿಲ್ಲ. ಮುಂದಿನ ವರ್ಷ ಬರೆದುಕೊಳ್ಳಿ ಅನ್ನುತ್ತಾರೆ. 500 ರೂಪಾಯಿಯ ಆಟೋ ಡೆಬಿಟ್ ಒಮ್ಮೆ ತಪ್ಪಿದರೆ ಮತ್ತೆ ಬರುವುದು ಕಷ್ಟ. ಅದನ್ನೂ ನೋಡಿದ್ದೇನೆ.

ಹುಟ್ಟಿದ ಹಬ್ಬದವರಿಗೆ ಈಗ ಊಟ ಬೇಡ ಅನ್ನುತ್ತೇವೆ. ಕೇಂದ್ರದ ಒಂದು ದಿನದ ಖರ್ಚು ನಿಮ್ಮದು, 3,000 ಅನ್ನುತ್ತೇವೆ. ಆ ದಿನ ಬೋರ್ಡಿನ ಮೇಲೆ ಅವರ ಮಗುವಿನ ಹೆಸರು ಬರೆಯುತ್ತೇವೆ. ಅವರು ಬರುವುದು ಬೇಡ, ಫೋಟೋ ಬೇಡ. ಮೊದಮೊದಲು ಕೆಲವರಿಗೆ ಬೇಜಾರಾಯಿತು. ಒಂದು ವರ್ಷದಲ್ಲಿ 60 ದಿನ ತುಂಬಿತು. ಮಕ್ಕಳ ಮುಖ ಕಾಣುವ ಯಾವ ಫೋಟೋವನ್ನೂ ನಾವು ಯಾರಿಗೂ ಕೊಡುವುದಿಲ್ಲ. ಆ ಅಮ್ಮನ ಪ್ರಶ್ನೆಯ ಮೇಲೆ ಮಾಡಿದ ನಿಯಮ ಇದು.

ಸರ್ಕಾರದಿಂದ ಬರಬೇಕಾದ್ದನ್ನು ದಾನದ ದುಡ್ಡಿನಿಂದ ಕೊಡಬಾರದು ಅಂತ ಇನ್ನೊಂದು ನಿಯಮ ಮಾಡಿಕೊಂಡೆವು. ಹೇಳುವುದು ಸುಲಭ. ಮಾಡಲು ಹೋದಾಗ ಎಷ್ಟು ಬಿಟ್ಟುಹೋಗಿತ್ತು ಅಂತ ಕಂಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ, ಆಟಿಸಂ ಕೂಡ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. ಆದರೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇದ್ದಿದ್ದು ಅರ್ಧ ಮಕ್ಕಳಿಗೆ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಅಂತ ಶೇ 5ರ ಅನುದಾನ ಇದೆ. ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅರ್ಜಿ ಬರೆಸಿಕೊಟ್ಟರು. ಎರಡು ಪಂಚಾಯಿತಿಯಿಂದ ಸೇರಿ 40,000 ಬಂತು.

ಎಲ್ಲಕ್ಕಿಂತ ಬೇಜಾರಾಗಿದ್ದು ನಿರಾಮಯ ವಿಚಾರದಲ್ಲಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ಆರೋಗ್ಯ ವಿಮೆ ಅದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹು ಅಂಗವೈಕಲ್ಯ ಇರುವವರಿಗೆ. ವರ್ಷಕ್ಕೆ ಒಂದು ಲಕ್ಷದವರೆಗೆ. ಅದರೊಳಗೆ ಥೆರಪಿಗೂ ಒಂದು ಮಿತಿಯವರೆಗೆ ಸಿಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಮೊದಲ ಸಲ 250 ರೂಪಾಯಿ, ಆಮೇಲೆ ವರ್ಷಕ್ಕೆ 50. ನಮ್ಮ 19 ಮಕ್ಕಳಲ್ಲಿ ನಾಲ್ವರಿಗೆ ಮಾತ್ರ ಯಾರೋ ಹಿಂದೆ ಮಾಡಿಸಿದ್ದರು. ನವೀಕರಣ ಆಗದೆ ಮೂವರದು ಸತ್ತು ಹೋಗಿತ್ತು. ಹದಿನಾಲ್ಕು ಲಕ್ಷದ ಕೋಣೆಯ ಪಕ್ಕದಲ್ಲೇ 50 ರೂಪಾಯಿ ಕಟ್ಟಲು ನೆನಪಿಸುವವರು ಇರಲಿಲ್ಲ! ಈಗ 17 ಮಕ್ಕಳಿಗೆ ಇದೆ. ಮಾರ್ಚ್ ಬರುವ ಮೊದಲೇ ನಾನು ಕಟ್ಟಿಬಿಡುತ್ತೇನೆ.

ಅದರಲ್ಲೂ ಒಂದು ಸಿಕ್ಕು. ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಕಳಿಸಿ, ಆಮೇಲೆ ದುಡ್ಡು ಬರುವುದು. ಕೈಯಲ್ಲಿ ದುಡ್ಡಿದ್ದವರಿಗೇ ಅನುಕೂಲ ಅಂದ ಹಾಗಾಯಿತು. ಅದಕ್ಕೆ 60,000ದ ಒಂದು ಕೈಬದಲು ನಿಧಿ ಇಟ್ಟೆವು. ಟ್ರಸ್ಟ್ ಮೊದಲು ಕೊಡುತ್ತದೆ, ಕ್ಲೇಮ್ ಬಂದಾಗ ಅವರು ವಾಪಸ್ ಹಾಕುತ್ತಾರೆ. ಇವತ್ತಿನವರೆಗೆ ಒಂದು ರೂಪಾಯಿಯೂ ಮುಳುಗಿಲ್ಲ. ನನ್ನ ಬ್ಯಾಂಕಿನ ಕಾಲದ ದೊಡ್ಡ ಸಾಲಗಳ ಬಗ್ಗೆ ಹೀಗೆ ಹೇಳಲಾರೆ.

ಮತ್ತೆ ಕಾರ್ಡು

2023ರ ಫೆಬ್ರುವರಿಯಲ್ಲಿ ಹೊಸ ಶಿಕ್ಷಕಿ ಬಂದರು. ಒಬ್ಬರ ಮೇಲೆ ಎಲ್ಲ ನಿಂತರೆ ಏನಾಗುತ್ತದೆ ಅಂತ ಪಾಠ ಕಲಿತಿದ್ದೆವಲ್ಲ, ಈ ಸಲ ಅವರ ಅರ್ಧ ಹೊತ್ತು ಅಮ್ಮಂದಿರಿಗೆ ಅಂತ ಮೊದಲೇ ಮಾತಾಡಿಕೊಂಡೆವು. ವಿಶ್ವ ಆರೋಗ್ಯ ಸಂಸ್ಥೆಯ ಪಾಲಕರ ತರಬೇತಿಯಲ್ಲಿ ಒಂಬತ್ತು ಗುಂಪು ತರಗತಿ, ಮೂರು ಮನೆ ಭೇಟಿ ಇರುತ್ತವೆ. ಅದೇ ಅಂದಾಜಿನಲ್ಲಿ ಅವರು ತಮ್ಮದೊಂದು ಕ್ರಮ ಮಾಡಿಕೊಂಡರು. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಜೊತೆ ಒಂದು ಪ್ರಯೋಗ ನಡೆದಿತ್ತು. ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂತು. ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರೇ ಅಪ್ಪ ಅಮ್ಮಂದಿರಿಗೆ ಕಲಿಸಿದರು. ಪಾಲಕರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು. ಮಗು ತಾನಾಗಿ ಸಂವಹನ ಶುರುಮಾಡುವುದೂ ಜಾಸ್ತಿಯಾಯಿತು. ಎಲ್ಲ ಅಳತೆಯಲ್ಲೂ ಸುಧಾರಣೆ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಶಿಕ್ಷಕಿ ಇದನ್ನು ಹೇಳಿದಾಗ ನಮ್ಮ ಇಬ್ಬರು ಸಹಾಯಕಿಯರ ಬೆನ್ನು ನೆಟ್ಟಗಾಯಿತು. ಇಬ್ಬರೂ ಪಿಯುಸಿ ಓದಿದವರು, ಇದೇ ಊರಿನವರು. ಬೆಂಗಳೂರಿಗೆ ಹೋಗುವವರಲ್ಲ.

ಸುಗ್ಗಿಯಲ್ಲಿ ಅಮ್ಮ ಅಡಿಕೆ ಸುಲಿಯಲು ಹೋಗುವುದು ತಪ್ಪುವುದಿಲ್ಲ. ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂರಬೇಕು. ಡಬ್ಬಕ್ಕೆ ಇಷ್ಟು ಅಂತ ಕೂಲಿ, ಆ ಎರಡು ತಿಂಗಳ ದುಡ್ಡು ವರ್ಷಕ್ಕೆ ಬೇಕು. ಹಾಗಾಗಿ ಸಹಾಯಕಿ ಅಜ್ಜಿಗೆ ಕಲಿಸಿದರು. ಚೌಡಿಗೆ ಹರಕೆ ಹೊತ್ತ ಅದೇ ಅಜ್ಜಿ. ಕಾರ್ಡು ಕೈಗೆ ಬರುವವರೆಗೆ ನೀರು ಕೊಡಬಾರದು, ಆದರೆ ಅಳಿಸಲೂ ಬಾರದು, ಅವನ ಕೈಯನ್ನು ಮೆಲ್ಲಗೆ ಕಾರ್ಡಿನ ಕಡೆ ಒಯ್ಯಬೇಕು. ಅಜ್ಜಿಗೆ ಇದು ನಮಗಿಂತ ಬೇಗ ಬಂತು.

ಹುಡುಗನಿಗೆ ಈಗ ಎಂಟು ವರ್ಷ. ಊರಿನ ಸರ್ಕಾರಿ ಶಾಲೆಯಲ್ಲಿ ದಾಖಲಾಗಿದ್ದಾನೆ. ವಾರಕ್ಕೆ ಮೂರು ದಿನ ಅಲ್ಲಿ, ಎರಡು ದಿನ ನಮ್ಮಲ್ಲಿ. ಬಾಯಿ ಮಾತು ಹತ್ತು ಹನ್ನೆರಡು. ಅದರಲ್ಲಿ 'ಬಸ್ಸು' ಸ್ಪಷ್ಟ. ಕಾರ್ಡು ಅರವತ್ತರ ಮೇಲಾಗಿದೆ. ಬಿಸಿಲು ಜಾಸ್ತಿ ಇದ್ದರೆ ಈಗಲೂ ಕಿರುಚುತ್ತಾನೆ. ಇನ್ನೂ ತಪ್ಪಲೆ ಮುಚ್ಚಳ ತಿರುಗಿಸುತ್ತಾನೆ, ತಿರುಗಿಸಲಿ ಬಿಡಿ.

ಬೀಗ ಹಾಕಿದ್ದ ಕೋಣೆಯೂ ತೆರೆದಿದೆ. ನೀರಿನ ಕಂಬ ಓಡುತ್ತಿಲ್ಲ. ಫೋಮ್ ತೆಗೆದು ಈಚಲು ಚಾಪೆ ಹಾಸಿದ್ದೇವೆ. ಆಮದು ಉಯ್ಯಾಲೆಯ ಕೊಂಡಿ ಕಳಚಿತು, ಅದರ ಜಾಗದಲ್ಲಿ ಕಂಬಳಿ ಜೋಲಿ. ಒಂದು ಬೋಗುಣಿ ಹುರುಳಿ, ಕೈ ಆಡಿಸಲು. ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಹೋದ ವರ್ಷ ಅದೇ ಕಂಪನಿಗೆ ಮತ್ತೆ ಬರೆದೆ. ಈ ಸಲ ನಿಯಮ ಓದಿಕೊಂಡು ಬರೆದೆ. ಸಿಎಸ್‌ಆರ್‌ನಲ್ಲಿ ಆಡಳಿತ ವೆಚ್ಚ ಶೇ 5 ಮೀರಬಾರದು ಅನ್ನುವುದು ಕಂಪನಿ ತನ್ನ ಸಿಎಸ್‌ಆರ್ ಕೆಲಸ ನಡೆಸಲು ಮಾಡುವ ಸಾಮಾನ್ಯ ಖರ್ಚಿಗೆ. ಯೋಜನೆ ಜಾರಿಗೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಥೆರಪಿ ಕೇಂದ್ರದಲ್ಲಿ ಥೆರಪಿ ಮಾಡುವವರ ಸಂಬಳವೇ ಯೋಜನೆ ಅಲ್ವಾ? ಜೊತೆಗೆ, ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ಮುಂದುವರಿಯುವ ಯೋಜನೆಗೆ ಕಾನೂನಿನಲ್ಲೇ ಅವಕಾಶ ಇದೆ. ವಿಶೇಷ ಶಿಕ್ಷಣ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಹೆಸರು ಹಿಡಿದು ಬರೆದ ವಿಷಯ. ಐದು ತಿಂಗಳ ಮೇಲೆ ಉತ್ತರ ಬಂತು. ಮೂರು ವರ್ಷ ಆಗದು, ಒಂದು ವರ್ಷಕ್ಕೆ ಶಿಕ್ಷಕಿಯ ಅರ್ಧ ಸಂಬಳ ಕೊಡುತ್ತೇವೆ. 1,44,000.

ವರ್ಷದ ಖರ್ಚು 7,92,000. ಅಡಿಕೆಯಿಂದ ಎರಡು ಲಕ್ಷ, ದಿನದ ಖರ್ಚು ಕೊಡುವವರಿಂದ 1,80,000, ಬೆಂಗಳೂರಿನಲ್ಲಿರುವ ಊರಿನ ಹುಡುಗರಿಂದ 1,32,000, ಪಾಲಕರು ಕೈಲಾದಷ್ಟು ಕೊಡುವ ಫೀಸು 1,08,000, ಪಂಚಾಯಿತಿಯ 40,000. ಕಂಪನಿಯ ದುಡ್ಡು ಸೇರಿದರೆ ಈ ವರ್ಷ ಸರಿಹೋಗುತ್ತದೆ. ಮುಂದಿನ ವರ್ಷ ಒಂದೂಕಾಲು ಲಕ್ಷದ ಮೇಲೆ ಖೋತಾ.

ಹೋದ ವಾರ ಶಿಕ್ಷಕಿ 30,000 ಕೇಳಿದ್ದಾರೆ. ಶಿವಮೊಗ್ಗದಿಂದ ಒಂದು ಕರೆ ಬಂದಿದೆಯಂತೆ. ನ್ಯಾಯವಾದ್ದೇ ಕೇಳಿದ್ದಾರೆ. ಹಾಗಾದರೆ ದಿನದ ಖರ್ಚು 3,000 ಆಗುವುದಿಲ್ಲ, 3,270ರ ಸುಮಾರು. ಕೊಯ್ಲು ಶುರುವಾಗಲಿ, ಆಗ ನೋಡೋಣ ಅಂದರು ಅಧ್ಯಕ್ಷರು. ಹೋದ ಸಲವೂ ಹೀಗೇ ಸುಮ್ಮನಿದ್ದೆವು ಅಂತ ನಾನು ನೆನಪಿಸಿದೆ. ನಾಳೆ ಸಂಜೆ ಸಭೆ ಇದೆ. ಬೋರ್ಡಿನ ಮೇಲಿನ ಅಂಕಿಯನ್ನು ನಾನು ಇವತ್ತೇ ಒರೆಸಿ ಬಂದಿದ್ದೇನೆ.